ಚಕ್ರದ ಮೇಲಿನ ದಡಿ

ನಮ್ಮ ಕಾರಿನ ಬಣ್ಣ ಯಾವುದು ಎಂದು ಕೇಳದೆ ಸುಮ್ಮನೆ ಹೋದವರನ್ನು ನಾನು ಕಂಡಿದ್ದು ಕಡಿಮೆ. ಪೆಟ್ರೋಲ್ ಹಾಕುವವರು ಕೇಳುತ್ತಿದ್ದರು. ಜಮಖಂಡಿ ಬಸ್ ಸ್ಟ್ಯಾಂಡಿನ ಎದುರು ಬಾಳೆಹಣ್ಣು ಮಾರುವಾಕೆ ಕೇಳುತ್ತಿದ್ದಳು. ಒಮ್ಮೆ ಮುಧೋಳದಲ್ಲಿ ಕೈ ಅಡ್ಡ ಮಾಡಿ ನಿಲ್ಲಿಸಿದ ಪೊಲೀಸ್, ನನ್ನ ಲೈಸನ್ಸ್ ಕೈಯಲ್ಲಿ ಹಿಡಿದುಕೊಂಡು ಅದನ್ನು ನೋಡುವುದು ಬಿಟ್ಟು, ಬಣ್ಣದ ವಿಚಾರ ಕೇಳಿದ್ದ. ನೆರಳಿನಲ್ಲಿ ನಿಂತಾಗ ಅದು ಬದನೆಕಾಯಿ ಬಣ್ಣ. ಬಿಸಿಲಿಗೆ ತಂದರೆ ಒಡೆದ ದಾಳಿಂಬೆ. ಯಾವ ಕಂಪನಿಯೂ ಅಂಥ ಕಾರು ಮಾಡಿರಲಿಲ್ಲ.

ಅಣ್ಣ ಜೊತೆಗಿದ್ದರೆ ಅವನೇ ಉತ್ತರ ಕೊಡುತ್ತಿದ್ದ. "ನಮ್ಮಪ್ಪ ಮಾಡಿದ ಬಣ್ಣರೀ ಇದು. ಮತ್ತ ಯಾರ ಕೈಲೂ ಆಗೂದಿಲ್ಲ." ನಾನೊಬ್ಬಳೇ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅವ್ವ ಹಿಂದಿನ ಸೀಟಿನಲ್ಲಿ ಕುಳಿತು ಆ ಕಡೆಯ ಕಿಟಕಿಯಿಂದ ಹೊರಗೆ ನೋಡುತ್ತಿರುತ್ತಿದ್ದಳು.

ರಬಕವಿಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ನೇಕಾರರು ಬಿಳಿ ನೂಲಿನ ಲಡಿ ತಂದುಕೊಡುತ್ತಿದ್ದರು. ಹಿತ್ತಲಿನಲ್ಲಿ ದೊಡ್ಡ ತಾಮ್ರದ ಹಂಡೆಗಳಲ್ಲಿ ಬಣ್ಣದ ನೀರು ಕುದಿಯುತ್ತಿತ್ತು. ಅಪ್ಪ ಕೋಲಿಗೆ ಲಡಿ ಜೋತುಹಾಕಿ ಆ ನೀರಿನಲ್ಲಿ ತಿರುವುತ್ತಿದ್ದ. ಒಲೆಗೆ ಕಟ್ಟಿಗೆ ಒಟ್ಟುವುದು, ನೀರು ಸೇದುವುದು, ಒದ್ದೆ ಲಡಿ ಹಿಂಡುವುದು ಅವ್ವನ ಕೆಲಸ. ನಡುನಡುವೆ ಅಪ್ಪ ಒಂದು ಎಳೆ ತೆಗೆದುಕೊಡುತ್ತಿದ್ದ. ಅವ್ವ ಅದನ್ನು ತಲೆಬಾಗಿಲ ತನಕ ಒಯ್ದು ಬಿಸಿಲಿಗೆ ಹಿಡಿದು, ಅಲ್ಲಿಂದಲೇ ಕೂಗುತ್ತಿದ್ದಳು. "ಇನ್ನೊಂದೀಟು ಬೇಕು." ಅಥವಾ, "ಆತು." ಅವಳು ಆತು ಎಂದ ಮೇಲೆ ಅಪ್ಪ ಹಂಡೆಯ ಕೆಳಗಿನ ಬೆಂಕಿ ಎಳೆಯುತ್ತಿದ್ದ. ನೂಲು ಒಣಗಿತೋ ಇಲ್ಲವೋ ನೋಡಲು ಅವಳನ್ನು ಬಾಗಿಲಿಗೆ ಓಡಿಸುತ್ತಾನೆ ಎಂದು ನಾವು ಮಕ್ಕಳು ತಿಳಿದುಕೊಂಡಿದ್ದೆವು. ಊರ ಮಂದಿ ಅಪ್ಪನ ಬಣ್ಣ ಎಂದರೆ ಬಣ್ಣ ಎನ್ನುತ್ತಿದ್ದರು. ಬನಹಟ್ಟಿಯಿಂದಲೂ ನಮ್ಮ ಹಿತ್ತಲಿಗೇ ನೂಲು ಬರುತ್ತಿತ್ತು.

ಆಮೇಲೆ ಬಣ್ಣ ಹಾಕಿಯೇ ಬರುವ ನೂಲು ಬಂತು. ನಮ್ಮ ಹಂಡೆಗಳು ಒಂದೊಂದಾಗಿ ಬೋರಲು ಬಿದ್ದವು. ಅದೇ ಹೊತ್ತಿಗೆ ನನಗೆ ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಹಿನ್ನೀರು ಏರಿ ಹಳೆಯ ಊರು ಮುಳುಗಿತ್ತು; ಹೊಸ ಊರಿನಲ್ಲಿ ಶಾಲೆಯೇನೋ ಎದ್ದು ನಿಂತಿತ್ತು, ರಸ್ತೆ ಇನ್ನೂ ಬಂದಿರಲಿಲ್ಲ. ಬಸ್ ಇಳಿದು ಎರೆಮಣ್ಣಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಒಂದು ಮಳೆಗಾಲ ಹಾಗೆ ನಡೆದೆ. ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಮನೆಗೆ ಬಂದಾಗೆಲ್ಲ ಅಪ್ಪ ನನ್ನ ಕಾಲು ನೋಡುತ್ತಿದ್ದ. ಬೇಸಿಗೆಯ ಹೊತ್ತಿಗೆ, ಬಾಡಿಗೆ ಓಡಿ ಸುಸ್ತಾಗಿದ್ದ ಒಂದು ಬಿಳಿ ಕಾರು ನಮ್ಮ ಮನೆಯ ಮುಂದೆ ಬಂದು ನಿಂತಿತ್ತು. ಮನೆಯಲ್ಲಿ ಯಾರಿಗೂ ಓಡಿಸಲು ಬರುತ್ತಿರಲಿಲ್ಲ. "ನೀ ಕಲಿ" ಎಂದ ಅಪ್ಪ. ಮುಧೋಳಕ್ಕೆ ಹೋಗಿ ಕಲಿತೆ. ಕಲಿಸುವವನಿಗೆ ಮೊದಲ ವಾರವಿಡೀ ನನ್ನ ಕೈಗಿಂತ ನನ್ನ ಸೀರೆಯ ನಿರಿಗೆಯದೇ ಚಿಂತೆ. ನಿರಿಗೆ ನನ್ನದು, ನಾನು ನೋಡಿಕೊಳ್ಳುತ್ತೇನೆ, ನೀವು ಗೇರ್ ಹೇಳಿಕೊಡಿ ಎಂದೆ.

ನಾನು ಕಲಿಯುವಷ್ಟರಲ್ಲಿ ಅಪ್ಪ, ಅವ್ವನನ್ನೂ ಕರೆದುಕೊಂಡು, ಕಾರನ್ನು ಜಮಖಂಡಿಗೆ ಒಯ್ಯಿಸಿ ಬಣ್ಣ ಹೊಡೆಸಿ ತಂದ. ನಮ್ಮ ಹಂಡೆಯಲ್ಲಿ ಕೊನೆಗೆ ಅದ್ದಿದ ಲಡಿ ಯಾವ ಬಣ್ಣವಿತ್ತೋ ಅದೇ ಬಣ್ಣ. ಅದರಲ್ಲಿ ಕುಳಿತು ಒಂದು ವರ್ಷ ಓಡಾಡಿದ. ಆಮೇಲೆ ತೀರಿಕೊಂಡ.

ಅಣ್ಣನಿಗೆ ಅಂದಿನಿಂದಲೇ ಕಾರು ಕಣ್ಣಿಗೆ ಬಿದ್ದ ಕಸ. ಅವನು ಜಮಖಂಡಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಹೆಂಡತಿಯೊಂದಿಗೆ ಅಲ್ಲೇ ಮನೆ ಮಾಡಿದ್ದ. ಕೆಟ್ಟವನಲ್ಲ. ಆದರೆ ತಂಗಿ ಒಬ್ಬಳೇ ಕಾರು ಓಡಿಸಿಕೊಂಡು ಬೀಳಗಿಗೆ ಹೋಗುತ್ತಾಳೆ ಎಂಬುದನ್ನು ಕಚೇರಿಯಲ್ಲಿ ನಾಲ್ಕು ಜನ ಮಾತಾಡುವುದು ಅವನಿಗೆ ತಡೆಯಲಾಗುತ್ತಿರಲಿಲ್ಲ. ನನಗೆ ಮದುವೆ ಆಗಿರಲಿಲ್ಲ, ಆಗುವ ಮನಸ್ಸೂ ಇರಲಿಲ್ಲ. ಅದಕ್ಕೂ ಕಾರೇ ಕಾರಣ ಎಂದು ಅವನ ಲೆಕ್ಕಾಚಾರ. ಸ್ಟೇರಿಂಗ್ ಹಿಡಿದ ಹೆಣ್ಣು ಲಟ್ಟಣಿಗೆ ಹಿಡಿಯುವುದಿಲ್ಲ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ನಾನು ಎರಡನ್ನೂ ಹಿಡಿಯುತ್ತಿದ್ದೆ. ನನ್ನ ಕೈಯ ಚಪಾತಿ ತಿನ್ನುತ್ತಲೇ ಅವನು ಈ ಮಾತು ಹೇಳಿದ್ದು.

ತಕರಾರಿಗೆ ಅವನಿಗೊಂದು ಸರಿಯಾದ ನೆಪ ಸಿಕ್ಕಿದ್ದು ಟೈರಿನಿಂದ.

ಶಾಲೆಯ ದಾರಿಯಲ್ಲಿ ಟ್ರ್ಯಾಕ್ಟರ್ ಓಡಿ ಓಡಿ ಆಳವಾದ ಗಾಲಿಗೆರೆ ಬಿದ್ದಿದ್ದವು. ನಮ್ಮ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಒಂದು ಮುಂಜಾನೆ ಅದು ಹೊಟ್ಟೆಯ ಮೇಲೆ ಕುಳಿತುಬಿಟ್ಟಿತು; ಚಕ್ರ ಸುಮ್ಮನೆ ತಿರುಗುತ್ತಿವೆ, ಕಾರು ಅಲ್ಲೇ ಇದೆ. ಮುಂದಿನ ಭಾನುವಾರವೇ ಮುಧೋಳಕ್ಕೆ ಹೋಗಿ, ಇದ್ದುದಕ್ಕಿಂತ ದೊಡ್ಡ, ಅಗಲವಾದ ಟೈರು ಹಾಕಿಸಿಕೊಂಡೆ. ಟೈರಿನವನು ಹಿಂದಿನ ಚಕ್ರದ ಕಡೆ ಬಗ್ಗಿ ನೋಡಿ, "ಅಕ್ಕೋರ, ಹಿಂದ ಮಂದಿ ಕುಂತ್ರ ಇದು ತಾಗತೈತ್ರಿ" ಎಂದ. ಹಿಂದೆ ಅವ್ವ ಒಬ್ಬಳೇ ಕುಳಿತುಕೊಳ್ಳುವುದು, ತಾಗಿದರೆ ನೋಡೋಣ ಎಂದೆ.

ತಾಗಿತು. ಒಂದು ದಿನ ಅಣ್ಣ, ಅತ್ತಿಗೆ, ಅವ್ವ ಮೂವರನ್ನೂ ಹಿಂದೆ ಕೂರಿಸಿಕೊಂಡು ಮುಧೋಳದಿಂದ ಬರುತ್ತಿದ್ದೆ. ಕಬ್ಬಿನ ಹಂಗಾಮು. ರಸ್ತೆಯ ತುಂಬ ಟ್ರ್ಯಾಕ್ಟರುಗಳು, ಅವು ತೋಡಿಟ್ಟ ಗುಂಡಿಗಳು. ಒಂದು ಗುಂಡಿಗೆ ಇಳಿದದ್ದೇ ಹಿಂದಿನಿಂದ 'ಸರ್ರ್' ಎಂದು ತಗಡು ರಬ್ಬರನ್ನು ಕೊಯ್ದ ಸದ್ದು. ಅಣ್ಣ ಇಳಿದು ನೋಡಿದ. ಟೈರಿನ ಭುಜದ ಮೇಲೆ ಚಾಕುವಿನಲ್ಲಿ ಗೀರಿದ ಹಾಗೆ ಗುರುತು ಬಿದ್ದಿತ್ತು.

"ಇದ ಟೈರ್ ಒಡದ ಗಾಡಿ ಪಲ್ಟಿ ಆಗಿದ್ರ ಏನ್ ಮಾಡ್ತಿದ್ದಿ? ಅವ್ವ ಅದಾಳ ಒಳಗ!" ರಸ್ತೆಯ ಮೇಲೆಯೇ ಕೂಗಿದ. "ಮಾರಿಬಿಡು ಇದನ್ನ. ಮಹಾಲಿಂಗಪುರದಾಗ ಒಬ್ಬರು ಬಾಡಗಿಗೆ ಓಡ್ಸಾಕ ಗಾಡಿ ಹುಡುಕಾಕತ್ತಾರ. ಬಿಳಿ ಬಣ್ಣ ಹೊಡಸಿ ಕೊಡ್ರಿ ಅಂದ್ರು, ನಾ ಹೂಂ ಅಂದೀನಿ."

"ಗಾಡಿ ನಂದು. ನೀ ಹೆಂಗ ಹೂಂ ಅಂದಿ?"

"ಅಪ್ಪನ ಬಣ್ಣ ಅಂತ ಇಷ್ಟ ದಿವಸ ಸುಮ್ನಿದ್ದೆ. ಸದ್ದು ನಿಲ್ಲಸು, ಇಟ್ಕೊ. ಇಲ್ಲಾಂದ್ರ ಕೊಟ್ಟಬಿಡೂನು."

ಅತ್ತಿಗೆ ನಡುವೆ ಬಿದ್ದು, ಗುಂಡಿ ಮುಗಿಯುವ ತನಕ ನಡೆದೇ ಹೋಗೋಣ ಎಂದಳು. ಅವ್ವ ಇಳಿಯಲಿಲ್ಲ.

ಸದ್ದು ನಿಲ್ಲಿಸುವುದು ಹೇಗೆ? ಹಳೆಯ ಟೈರು ಹಾಕಿದರೆ ಶಾಲೆಯ ದಾರಿ ಮುಚ್ಚಿದ ಹಾಗೆ. ತೊಂದರೆ ಇದ್ದದ್ದು ಚಕ್ರದ ಮೇಲಿನ ತಗಡಿನಲ್ಲಿ. ಚಕ್ರದ ಮೇಲೆ ಕಮಾನಿನ ಹಾಗೆ ಬಾಗಿದ ತಗಡು ಕೊನೆಯಲ್ಲಿ ಒಳಕ್ಕೆ ತಿರುಗಿ ಬೆರಳಗಲದ ಒಂದು ಅಂಚಾಗಿ ನಿಲ್ಲುತ್ತದೆ. ಸೀರೆಯ ಊರಿನವರು ನಾವು. ಸೀರೆಯ ಅಂಚಿನ ಹೆಸರನ್ನೇ ಇಟ್ಟು ಅದನ್ನು ದಡಿ ಎಂದು ಕರೆದೆವು. ಭಾರ ಬಿದ್ದಾಗ ಕಾರು ಕೆಳಗಿಳಿದು ಆ ದಡಿ ಟೈರಿಗೆ ತಾಗುತ್ತಿತ್ತು. ಅದನ್ನು ಒಳಮೈಗೆ ಒತ್ತಿ ಮಡಚಿಬಿಟ್ಟರೆ ಟೈರಿಗೆ ಬೇಕಾದ ಜಾಗ ಸಿಗುತ್ತದೆ. ಹೇಳುವುದು ಇಷ್ಟೇ.

ಜಮಖಂಡಿಯಲ್ಲಿ ಟಿಂಕರಿಂಗ್ ಕೆಲಸದವನ ಹತ್ತಿರ ಹೋದೆ. ಗ್ರೈಂಡರ್ ಹಚ್ಚಿ ದಡಿ ಕೊಯ್ದುಬಿಡುತ್ತೇನೆ ಎಂದ. ಬಣ್ಣ? ಕಿಡಿ ಹಾರಿ ಸುಡುತ್ತದೆ. ಸುತ್ತಿಗೆಯಿಂದ ಹೊಡೆದು ಮಡಚಿದರೆ? "ಬಣ್ಣ ಹಪ್ಪಳದಂಗ ಏಳತೈತ್ರಿ." ಬಣ್ಣ ಏಳದ ಹಾಗೆ ಮಡಚಲು ಆಗುವುದೇ ಇಲ್ಲವೇ ಎಂದು ಕೇಳಿದೆ. ನಕ್ಕ. "ಆಗತೈತ್ರಿ. ಒಂದೀಟ ಒಂದೀಟ ಒತ್ಕೋತ ಕುಂದರಬೇಕ್ರಿ. ಅಷ್ಟ ಪುರಸೊತ್ತ ಯಾರಿಗೈತ್ರಿ? ಪೂರಾ ಗಾಡಿಗೆ ಬಿಳಿ ಹೊಡದ ಬಿಡೂನ್ರಿ, ಛಲೋ ಕಾಣತೈತಿ."

ಬಿಳಿ, ಬಿಳಿ! ಊರಿಗೆಲ್ಲ ಬಿಳಿಯ ಹುಚ್ಚು ಹಿಡಿದಿದೆಯೇ ಎಂದು ಕೇಳಿ ಗಾಡಿ ತಿರುಗಿಸಿಕೊಂಡು ಬಂದೆ. ಪುರಸೊತ್ತು ನನಗಿತ್ತು. ಭಾನುವಾರಗಳೆಲ್ಲ ನನ್ನವೇ. ಮದುವೆಯಾಗದವಳಿಗೆ ಇರುವ ಸುಖಗಳಲ್ಲಿ ಅದೂ ಒಂದು ಎಂದು ಅಣ್ಣನಿಗೆ ಹೇಳಬೇಕೆನಿಸಿತು.

ಒತ್ತಲು ಏನಾದರೂ ಉರುಟಾದದ್ದು ಬೇಕಿತ್ತು. ಗಟ್ಟಿಯಿರಬೇಕು, ಗೀರು ಬೀಳಿಸಬಾರದು. ಅವ್ವ ಅಟ್ಟದಿಂದ ಲಡಿ ತಿರುವುವ ಕೋಲು ಇಳಿಸಿದಳು. ಮಣಿಕಟ್ಟಿನಷ್ಟು ದಪ್ಪದ ಸಾಗವಾನಿ ಕೋಲು. ಒದ್ದೆ ನೂಲು ಎಲ್ಲೂ ಸಿಕ್ಕಬಾರದೆಂದು ಉಜ್ಜಿ ಉಜ್ಜಿ ನಯ ಮಾಡಿದ್ದು. ವರ್ಷಗಟ್ಟಲೆ ಬಣ್ಣದ ನೀರು ಕುಡಿದು ಕಪ್ಪಾಗಿತ್ತು. ಅದನ್ನು ಟೈರಿಗೂ ದಡಿಗೂ ನಡುವೆ ತೂರಿಸುವುದು, ಕಾರನ್ನು ಗೇಣಷ್ಟು ಮುಂದೆ, ಗೇಣಷ್ಟು ಹಿಂದೆ ತಳ್ಳುವುದು. ಟೈರು ತಿರುಗಿದಂತೆ ಕೋಲು ಉರುಳಿ, ದಡಿಯನ್ನು ಒಳಕ್ಕೆ ಒತ್ತುತ್ತಾ ಹೋಗುತ್ತದೆ. ಅದು ಬಿಗಿಯಾಗಿ ಕೂರಲು ಹಿಂದೆ ಭಾರ ಬೇಕು. ಎದುರು ಮನೆಯ ಬೆಲ್ಲದ ವ್ಯಾಪಾರಿಯನ್ನು ಕೇಳಿ ಬೆಲ್ಲದ ಪೆಂಟಿಗಳನ್ನು ತಂದು ಡಿಕ್ಕಿಯಲ್ಲಿ ಪೇರಿಸಿದೆ. ಆ ವಾಸನೆಗೆ ಓಣಿಯ ಇರುವೆಗಳೆಲ್ಲ ಅಲ್ಲಿಗೇ ಬಂದವು.

ಅದು ಚಳಿಗಾಲದ ಮುಂಜಾನೆ, ಒಣ ಗಾಳಿ. ಅಣ್ಣ ಬಂದು ಕಟ್ಟೆಯ ಮೇಲೆ ಕೈಕಟ್ಟಿ ಕುಳಿತಿದ್ದ. ಮಹಾಲಿಂಗಪುರದವರಿಗೆ ಅಂದೇ ಮಾತು ಹೇಳಿ ಕಳಿಸಬೇಕಂತೆ. ನಾನು ದಡಿಯ ಹಿಂದೆ ಕಲ್ಲಾಗಿ ಕೂತ ಎರೆಮಣ್ಣನ್ನು ಬಿದಿರಿನ ಸೀಳಿನಿಂದ ಕೆರೆದು, ಬ್ರಷ್ಷಿನಿಂದ ಉಜ್ಜಿ ತೆಗೆದೆ. ಕೋಲು ತೂರಿಸಿದೆ. ಅಷ್ಟರಲ್ಲಿ ಅವ್ವ ಚೊಂಬಿನಲ್ಲಿ ತಣ್ಣೀರು ತಂದು ದಡಿಗೆ ಚಿಮುಕಿಸಿದಳು.

ನಮ್ಮ ಊರಿನಲ್ಲಿ ಇದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಒಣ ಗಾಳಿ ಬೀಸಿದರೆ ನೂಲು ಬಿರುಸಾಗಿ ಪಟಪಟ ಹರಿಯುತ್ತದೆ. ಆಗ ಮಗ್ಗದ ಕೋಣೆಯ ನೆಲಕ್ಕೆ ನೀರು ಹಾಕುತ್ತಾರೆ, ಮಗ್ಗಕ್ಕೆ ಹಾಸಿದ ನೂಲಿಗೆ ತೇವ ಹಿಡಿಯುತ್ತಾರೆ. ತೇವ ಕುಡಿದ ಎಳೆ ಬಾಗುತ್ತದೆ. ನಾನೂ ಅದೇ ನೀರಿನಲ್ಲಿ ಬೆಳೆದವಳು. ಸರಿಯೇ ಇದೆ ಎಂದುಕೊಂಡೆ. ಇನ್ನಷ್ಟು ಹಾಕು ಎಂದೆ.

ಕಾರು ತಳ್ಳಿದೆ. ಕೋಲು ಒಂದು ಸುತ್ತು ಉರುಳಿತು. 'ಟಿಕ್' ಎಂದಿತು.

ಬಲಗಡೆಯ ಹಿಂದಿನ ಚಕ್ರದ ಮೇಲೆ, ಹೊರಗೆ ಎದ್ದು ಕಾಣುವ ಕಡೆಯೇ, ಬೆರಳುದ್ದದ ಬಿರುಕು. ಅದರಿಂದ ಒಂದು ಚಕ್ಕೆ ಕೆಳಗೆ ಬಿತ್ತು. ಬಿದ್ದ ಜಾಗದಲ್ಲಿ ಕಾರಿನ ಹಳೆಯ ಬಿಳಿ ಇಣುಕಿತು. ಆ ಬಿಳಿಯನ್ನು ಕಂಡು ನನಗೆ ಬಂದ ಸಿಟ್ಟು ಇಷ್ಟಷ್ಟಲ್ಲ. ಸಿಟ್ಟಿಗೇ ಕಣ್ಣೀರು ಬಂತು.

ಅಣ್ಣ ಕಟ್ಟೆ ಇಳಿದು ಬಂದ. ಬಿರುಕು ನೋಡಿ ಅವನ ಮುಖವೂ ಸಣ್ಣದಾಯಿತು, ಸುಳ್ಳು ಹೇಳಬಾರದು. "ನೋಡಿದಿ? ಹೋತು. ಅಪ್ಪನ ಬಣ್ಣ ಹೋತು. ಇನ್ನ ಈ ಬಣ್ಣಾ ಯಾರ ಕೂಡಿಸಿ ಕೊಡ್ತಾರ? ಬಿಳಿ ಹೊಡಸಿ ಕೊಟ್ಟಬಿಡೂನು, ಸುಮ್ನ ಹಟಾ ಮಾಡಬ್ಯಾಡ."

ಅವ್ವ ಚೊಂಬು ಕೆಳಗಿಟ್ಟಳು. ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು.

"ಯಾರ ಹೇಳಿದ್ರೋ ತಮ್ಮಾ ನಿಂಗ, ಅದು ನಿಮ್ಮಪ್ಪನ ಬಣ್ಣ ಅಂತ?"

ಅಣ್ಣ ಅವಳ ಮುಖ ನೋಡಿದ.

"ನಿಮ್ಮಪ್ಪನ ಕಣ್ಣಾಗ ಬಣ್ಣ ಹೋಗಿ ಎಷ್ಟ ವರ್ಷ ಆಗಿತ್ತು, ಗೊತ್ತೈತೇನು? ನೀವಿಬ್ರೂ ಇನ್ನೂ ಸಾಲಿ ಕಲಿಯೂ ಹುಡುಗ್ರು. ಮಂದಿ ಗುರ್ತು ಸಿಗ್ತಿತ್ತು, ದಾರಿ ಕಾಣ್ತಿತ್ತು, ಬಣ್ಣ ಮಾತ್ರ ಇಲ್ಲ. ಕೆಂಪು ಯಾವ್ದು ಕರಿ ಯಾವ್ದು ತಿಳೀತಿರಲಿಲ್ಲ. ನನ್ನ ಬಾಗಲಿಗೆ ಯಾಕ ಕಳಸ್ತಿದ್ರು ಅಂತ ಮಾಡೀರಿ? ನಾ ಆತು ಅಂದ್ರ ಆತು. ಇನ್ನೊಂದೀಟು ಅಂದ್ರ ಇನ್ನೊಂದೀಟು. ಈ ಗಾಡಿ ಬಣ್ಣಾನೂ ಹಂಗ. ಜಮಖಂಡ್ಯಾಗ ಬಣ್ಣದಂವನ ಮುಂದ ಡಬ್ಬಿ ಇಟಗೊಂಡ ಕುಂತಾಕಿ ನಾ. ಅವರು ಬಾಜೂಕ ನಿಂತ ಹೂಂ ಅಂದ್ರು."

"ಸುಮ್ನ ಏನರೆ ಮಾತಾಡಬ್ಯಾಡ ಬೇ ಅವ್ವಾ" ಎಂದ ಅಣ್ಣ. ಧ್ವನಿ ಸಣ್ಣದಾಗಿತ್ತು.

"ಖರೇನ ಹೇಳಾಕತ್ತೀನಿ."

"ಮತ್ತ ಇಷ್ಟ ದಿವಸ ಯಾಕ ಹೇಳಲಿಲ್ಲ?" ಇದನ್ನು ಕೇಳಿದವಳು ನಾನು.

"ಕಣ್ಣ ಹೋದ ಬಣ್ಣಗಾರಗ ಯಾರ ನೂಲ ಕೊಡ್ತಿದ್ರು? ಊರಾಗ ಹೇಳೂವಂಗಿರಲಿಲ್ಲ. ಅದು ನಂಗ ತಿಳೀತೈತಿ." ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತಿರಲಿಲ್ಲ, ಒರೆಸಿಕೊಂಡಳು ಅಷ್ಟೇ. "ಆದ್ರ ಮನ್ಯಾಗ ಹೇಳಬಹುದಿತ್ತು. ಒಂದ ಸಲ, ನಿಮ್ಮಿಬ್ಬರ ಮುಂದ. ಹೇಳ್ತಾರ, ಹೇಳ್ತಾರ ಅಂತ ಕಾದೆ. ಹೇಳದ ಹೋದ್ರು. ಸತ್ತವರ ಕೈಯಾಗಿಂದ ಯಾಕ ಕಸಗೊಳ್ಳಲಿ ಅಂತ ಸುಮ್ನಿದ್ದೆ. ಈಗ ನನ್ನ ಬಣ್ಣದ ಮ್ಯಾಲ ನೀ ಬಿಳಿ ಹೊಡೀತೀನಿ ಅಂದ್ರ ಸುಮ್ನಿರಲೇನು?"

ಎದುರು ಮನೆಯ ಬಾಗಿಲಲ್ಲಿ ಬೆಲ್ಲದ ವ್ಯಾಪಾರಿ ನಿಂತು ಕೇಳುತ್ತಿದ್ದ. ಕೇಳಲಿ ಎಂದೇ ಅವ್ವ ಅಷ್ಟು ಗಟ್ಟಿಯಾಗಿ ಹೇಳಿದ್ದಳೇನೋ.

ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಮೊದಲ ಸಲ. ಎರೆಮಣ್ಣು ಮೆತ್ತಿದ ನನ್ನ ಕಾಲು ನೋಡಿ ಕಾರು ತಂದವನಿಗೆ, ಹಗಲೆಲ್ಲ ಬಾಗಿಲಿಗೂ ಹಂಡೆಗೂ ತಿರುಗಿದ ಇವಳ ಕಾಲು ಕಾಣಲಿಲ್ಲವೇ? ಕಂಡಿರಬೇಕು. ಅದಕ್ಕೇ ಕೊನೆಯ ಲಡಿಯ ಬಣ್ಣವನ್ನೇ ಕಾರಿಗೆ ಹೊಡೆಸಿದನೋ ಏನೋ. ಬಾಯಿ ಬಿಟ್ಟು ಹೇಳಲಾರದ್ದನ್ನು ಹಾಗೆ ಹೇಳಿದ್ದಿರಬಹುದು. ಇರಬಹುದು. ಆದರೆ ಆ ಮಾತು ಅವ್ವನಿಗೆ ಸಾಕಾಗಿರಲಿಲ್ಲ, ನನಗೂ ಸಾಕಾಗಲಿಲ್ಲ. ಹೇಳಬೇಕಾದ್ದನ್ನು ಬಾಯಿಂದಲೇ ಹೇಳಬೇಕು.

ಅಣ್ಣ ಬಿರುಕಿನ ಹತ್ತಿರ ಕುಕ್ಕರಿಸಿದ. ಆಮೇಲೆ, "ಹಂಗಾದ್ರ ಇದನ್ನ ಕೂಡಿಸಿ ತೋರಸು" ಎಂದ. ಕೇಳಿಕೊಂಡನೋ ಸವಾಲು ಹಾಕಿದನೋ ಅವನಿಗೇ ತಿಳಿದಿರಲಿಕ್ಕಿಲ್ಲ.

"ತೋರಸ್ತೀನಿ. ಮೊದಲ ದಡಿ ಮಡಚೂದು ಮುಗೀಲಿ." ಅವ್ವ ಬಿದ್ದ ಚಕ್ಕೆಯನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ಬೆರಳಿನಿಂದ ಒತ್ತಿದಳು, ಅದು ಪಟ್ಟನೆ ಎರಡಾಯಿತು. ಉಳಿದ ತುಂಡನ್ನು ಬಾಯಿಯ ಹತ್ತಿರ ಹಿಡಿದು ಹಾ ಎಂದು ಬಿಸಿ ಉಸಿರು ಬಿಟ್ಟು ಬಿಟ್ಟು, ಮತ್ತೆ ಒತ್ತಿದಳು. ಈ ಸಲ ಅದು ಮುರಿಯದೆ ಸ್ವಲ್ಪ ಬಾಗಿತು. ತನ್ನ ಹಣೆ ತಾನೇ ಬಡಿದುಕೊಂಡಳು. "ನೂಲಿಗೆ ಹಾಕೂ ತಣ್ಣೀರ ಬಣ್ಣಕ್ಕ ಹಾಕಿದೆ ನೋಡು, ಎಂಥಾ ದಡ್ಡಿ ನಾ! ಬಣ್ಣ ಯಾವತ್ತರ ತಣ್ಣೀರಿಗೆ ಮಾತ ಕೇಳೈತೇನು? ಹಂಡೆ ತೊಳಿ. ಒಲಿ ಹಚ್ಚು."

ಬೋರಲು ಬಿದ್ದಿದ್ದ ಹಂಡೆಯನ್ನು ಮಗುಚಿ ತೊಳೆದು ಒಲೆಯ ಮೇಲೆ ಇಟ್ಟಾಗ ಮನೆಗೆ ಹಳೆಯ ವಾಸನೆ ಬಂತು. ಕುದಿಯುವ ನೀರಿನಲ್ಲಿ ಟವೆಲ್ ಅದ್ದಿ, ಕೋಲಿಗೆ ಸುತ್ತಿ ಹಿಂಡಿ, ತಗಡಿನ ಮೇಲೆ ಹೊದಿಸುತ್ತ ಹೋದೆವು. ಒಂದು ಆರುವಷ್ಟರಲ್ಲಿ ಇನ್ನೊಂದು. ತಗಡು ಒಳಹೊರಗೆ ಬಿಸಿಯಾಗಬೇಕು. ಅಂಗೈ ಇಟ್ಟರೆ ತಡೆದುಕೊಳ್ಳಬಹುದು, ಆದರೆ ಇಟ್ಟೇ ಇರಲು ಆಗಬಾರದು, ಅಷ್ಟು. ಕೋಲಿಗೆ ಹಳೆಯ ಸೀರೆಯ ತುಂಡು ಸುತ್ತಿದೆವು. ಡಿಕ್ಕಿಯಿಂದ ಬೆಲ್ಲವನ್ನು ಮುಕ್ಕಾಲು ಪಾಲು ಇಳಿಸಿದೆವು. ಮೊದಲ ಸುತ್ತಿಗೆ ಒತ್ತಡ ಹಗುರವಿರಲಿ ಎಂದು.

ನಾನೊಬ್ಬಳೇ ತಳ್ಳಿದರೆ ಕಾರು ಜರ್ಕು ಹೊಡೆದು ಮುಂದೆ ಹೋಗುತ್ತಿತ್ತು. ಅವ್ವ ಕೋಲಿನ ಹತ್ತಿರ ಕುಳಿತಿದ್ದಳು. ಅಣ್ಣ ಸ್ವಲ್ಪ ಹೊತ್ತು ನೋಡಿದ. ಆಮೇಲೆ ವಾಚು ಬಿಚ್ಚಿ ಕಿಸೆಗೆ ಹಾಕಿಕೊಂಡು ಹಿಂದೆ ಬಂದು ನಿಂತು, "ಮುಂದ ನೀ ತಡಿ, ಹಿಂದಿಂದ ನಾ ನೂಕ್ತೀನಿ" ಎಂದ. ಸಿಟ್ಟಿನಿಂದಲೇ ನೂಕಿದ. ಗೇಣಷ್ಟು ಮುಂದೆ. ಗೇಣಷ್ಟು ಹಿಂದೆ. ಕೋಲು ನಿಧಾನಕ್ಕೆ ಉರುಳಿತು. ಅವ್ವ ಒಂದು ಕೈಯಿಂದ ಕೋಲು ಹಿಡಿದು, ಇನ್ನೊಂದು ಅಂಗೈಯನ್ನು ಹೊರಗಿನ ತಗಡಿನ ಮೇಲೆ ಇಟ್ಟು, ಅದು ಉಬ್ಬುತ್ತದೆಯೋ ನೋಡುತ್ತಿದ್ದಳು. ಸ್ವಲ್ಪ ಉಬ್ಬಿದೆ ಅನಿಸಿದರೆ "ತಡೀರಿ" ಎನ್ನುತ್ತಿದ್ದಳು. ಮತ್ತೆ ಬಿಸಿ ಟವೆಲ್. ಮತ್ತೆ ಒಂದು ಸುತ್ತು. ದಡಿ ಒಂದು ಎಳೆಯಷ್ಟು ಬಾಗಿದ ಮೇಲೆ ಒಂದು ಪೆಂಟಿ ಬೆಲ್ಲ ಮತ್ತೆ ಡಿಕ್ಕಿಗೆ. ಅವಸರ ಮಾಡಿದವರಿಗೆ ಅವಳ ಬೈಗುಳ.

ಮಡಚುವಾಗ ನನಗೆ ಕಂಡ ಒಂದು ಸಂಗತಿ ಹೇಳಬೇಕು. ದಡಿಯ ಒಳಗಡೆಯ ಬಣ್ಣ ಬಿಸಿಲು ಕಂಡಿರಲಿಲ್ಲ. ಮಣ್ಣು ತೊಳೆದ ಮೇಲೆ ಅದು ಹೊಡೆದ ದಿನ ಹೇಗಿತ್ತೋ ಹಾಗೇ ಇತ್ತು. ಹೊರಗಿನ ಬಣ್ಣ ಎಷ್ಟು ಮಾಸಿದೆ ಎಂಬುದು ನಮಗೆ ಅದನ್ನು ನೋಡಿದಾಗಲೇ ತಿಳಿದದ್ದು. ಅವ್ವ ಅದನ್ನು ನೋಡಿ, "ಇಲ್ಲಿ ನೋಡು, ಹೆಂಗಿತ್ತು" ಎಂದಳು. ಸುತ್ತು ಸುತ್ತಿಗೂ ಆ ಪಟ್ಟಿ ಒಳಕ್ಕೆ ಒಳಕ್ಕೆ ಹೊರಳಿ ಕೊನೆಗೆ ಕಣ್ಣಿಗೆ ಮರೆಯಾಯಿತು.

ಸಂಜೆಯ ಹೊತ್ತಿಗೆ ಬಲಗಡೆಯದು ಮುಗಿಯಿತು. ಮುಂದಿನ ಭಾನುವಾರ ಎಡಗಡೆಯದು. ಅಣ್ಣ ಆ ಭಾನುವಾರವೂ ಬಂದ. ಮಹಾಲಿಂಗಪುರದವರ ಮಾತು ಎತ್ತಲಿಲ್ಲ. ಮತ್ತೆಲ್ಲೂ 'ಟಿಕ್' ಎನ್ನಲಿಲ್ಲ. ಮರುದಿನ ಬೆಳಿಗ್ಗೆ ಬೆರಳು ಹಾಕಿ ನೋಡಿದರೆ, ದಡಿ ಇದ್ದ ಜಾಗದಲ್ಲಿ ದುಂಡಗೆ ನಯವಾದ ತಗಡು.

ಆಮೇಲೆ ಬಿರುಕಿನ ಸರದಿ. ಅವ್ವ, ನಾನು, ಅಣ್ಣ ಜಮಖಂಡಿಯ ಬಣ್ಣದ ಅಂಗಡಿಗೆ ಹೋದೆವು. ಅಂಗಡಿಯವರು ಬಣ್ಣದ ಚೌಕಗಳಿರುವ ದಪ್ಪ ಕಾರ್ಡು ತೆಗೆದು, "ಯಾವ ನಂಬರ್ ಬೇಕವ್ವಾ?" ಎಂದರು. ಅವ್ವ ಆ ಕಾರ್ಡನ್ನು ಪಕ್ಕಕ್ಕೆ ಸರಿಸಿದಳು. ಕೆಂಪು, ಕರಿ, ನೀಲಿ, ಒಂದಿಷ್ಟು ಹಳದಿ, ಎಲ್ಲಾ ಸಣ್ಣ ಡಬ್ಬಿ. ಮನೆಗೆ ಬಂದು ಸ್ಟೀಲಿನ ತಟ್ಟೆಯಲ್ಲಿ ಪೊರಕೆ ಕಡ್ಡಿಯಿಂದ ಕೂಡಿಸಿದಳು. ಅಣ್ಣ ಎದುರಿಗೇ ಕುಳಿತಿದ್ದ, ಕಣ್ಣು ತೆಗೆಯದೆ.

ಮೊದಲು ಕೂಡಿಸಿದ್ದನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದಳು. ದಡಿಯೊಳಗಿದ್ದ ಹೊಸ ಬಣ್ಣವೇ! ನಾನು ಕುಣಿಯುವುದೊಂದು ಬಾಕಿ. ಅವ್ವ ತಲೆ ಅಲ್ಲಾಡಿಸಿದಳು. "ಇದು ಹಚ್ಚಿದ್ರ ತ್ಯಾಪಿ ಕಾಣತೈತಿ. ಹೊಸಾದು ಬ್ಯಾಡ. ನಾವ ತಿಂದ ಬಿಸಲ ಇದೂ ತಿನ್ನಬೇಕು." ಕಡ್ಡಿಯ ತುದಿಗೆ ಹಳದಿ, ಆಮೇಲೆ ಕಾಣದಷ್ಟು ಕರಿ. ಮತ್ತೆ ಬಾಗಿಲಿಗೆ. "ಇನ್ನೊಂದೀಟು." ಒಳಗೆ ಬಂದಳು, ಕೂಡಿಸಿದಳು, ಮತ್ತೆ ಹೋದಳು. ಮಂಡಿ ನೋವಿನ ಹೆಂಗಸು, ಹೊಸ್ತಿಲಿಗೂ ತಟ್ಟೆಗೂ ತಿರುಗುತ್ತಲೇ ಇದ್ದಳು. ಕೊನೆಗೆ ಅಲ್ಲಿಂದಲೇ ಕೂಗಿದಳು.

"ಆತು."

ಅಣ್ಣ ತಟ್ಟನೆ ತಲೆ ತಗ್ಗಿಸಿದ. ನಮ್ಮಿಬ್ಬರ ಬಾಲ್ಯದ ತುಂಬ ಇದ್ದ ದನಿ ಅದು, ಇದ್ದ ಹಾಗೇ. ಅವನು ಅತ್ತದ್ದನ್ನು ನಾನು ನೋಡಿಲ್ಲ ಎಂದೇ ಇರಲಿ.

ಬಿರುಕಿಗೆ ಹಚ್ಚಿದ ಬಣ್ಣ ಒಣಗಿದ ಮೇಲೆ ಒಂದು ದಿನ ಎಲ್ಲರನ್ನೂ ಹೇರಿಕೊಂಡು ಚಿಕ್ಕಪಡಸಲಗಿಗೆ ಹೊರಟೆ. ಅಣ್ಣ, ಅತ್ತಿಗೆ, ಅವ್ವ ಮೂವರೂ ಹಿಂದೆ. ಡಿಕ್ಕಿಯಲ್ಲಿ ಬುತ್ತಿಯ ಜೊತೆ ಎರಡು ಪೆಂಟಿ ಬೆಲ್ಲವನ್ನೂ ಬೇಕೆಂದೇ ಇಟ್ಟಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿದೆ. ದೊಡ್ಡ ಗುಂಡಿಗಳನ್ನು ತಪ್ಪಿಸಲಿಲ್ಲ. ಒಂದೆರಡನ್ನು ಹುಡುಕಿಕೊಂಡೇ ಹೋಗಿ ಇಳಿಸಿದೆ. ಕಾರು ಕುಸಿಯಿತು, ಎದ್ದಿತು. ಅತ್ತಿಗೆಯ ತಲೆ ಮೇಲಕ್ಕೆ ತಾಗಿತು. ಸದ್ದು ಬರಲಿಲ್ಲ. ಕನ್ನಡಿಯಲ್ಲಿ ಅಣ್ಣ ಕಿವಿ ಹಿಂದಕ್ಕೆ ಕೊಟ್ಟು ಕುಳಿತದ್ದು ಕಾಣುತ್ತಿತ್ತು. "ಏನರ ಕೇಳ್ತೇನು?" ಎಂದೆ. "ರಸ್ತೆ ನೋಡಿ ಹೊಡಿ" ಎಂದ.

ಬ್ಯಾರೇಜಿನ ಹತ್ತಿರ ಕೃಷ್ಣೆಯ ದಂಡೆಯ ಮೇಲೆ ಕಾರು ನಿಲ್ಲಿಸಿದೆ. ಅಣ್ಣ ಮೊದಲು ಇಳಿದು ನೆಟ್ಟಗೆ ಹಿಂದಿನ ಚಕ್ರದ ಹತ್ತಿರ ಹೋಗಿ ಬಗ್ಗಿದ. ಕಮಾನಿನ ಉದ್ದಕ್ಕೂ ಬೆರಳು ಆಡಿಸಿದ. ಸರಿದು ನೋಡಿದ, ಹತ್ತಿರ ಬಂದು ನೋಡಿದ. "ಇಲ್ಲೆ ಒಡದಿತ್ತಲ್ಲ?" ಎಂದು ಒಂದು ಕಡೆ ಬೆರಳಿಟ್ಟು ತೋರಿಸಿದ. ಅವನು ತೋರಿಸುತ್ತಿದ್ದದ್ದು ಎಡಗಡೆಯ ಚಕ್ರ. ನಾನು ತಿದ್ದಲಿಲ್ಲ.

ಅಷ್ಟರಲ್ಲಿ ಹುರಿದ ಶೇಂಗಾ ಮಾರುವವನೊಬ್ಬ ಬುಟ್ಟಿ ಹೊತ್ತು ಬಂದ. ಬುಟ್ಟಿ ಇಳಿಸದೆಯೇ ಕಾರಿನ ಸುತ್ತ ಒಂದು ಸುತ್ತು ಹಾಕಿದ. "ಇದ್ಯಾವ ಬಣ್ಣರೀ ಸಾಹೇಬ್ರ? ಇಂಥಾದ್ದು ನೋಡೇ ಇಲ್ಲ. ಯಾರ ಮಾಡ್ಯಾರ್ರೀ?"

ಅಣ್ಣ ರೂಢಿಯ ಹಾಗೆ ಎದೆ ಸೆಟೆಸಿ ಬಾಯಿ ತೆರೆದ. "ನಮ್ಮ..." ಎಂದವನು ಅಲ್ಲೇ ನಿಂತ. ಚಕ್ರದ ಮೇಲಿನ ಕೈ ತೆಗೆದು ಹಿಂದಿನ ಸೀಟಿನ ಕಡೆ ತೋರಿಸಿದ. "ಅವರನ್ನ ಕೇಳಪಾ. ಅವರ ಹೇಳ್ತಾರ."

ಅವ್ವ ಆ ಕಡೆಯ ಕಿಟಕಿಯಿಂದ ಹೊಳೆ ನೋಡುತ್ತ ಕುಳಿತಿದ್ದಳು. ಈ ಕಡೆಗೆ ಸರಿದು ಬಂದಳು. ಗಾಜು ಪೂರ್ತಿ ಇಳಿಸಿ, ತಲೆ ಹೊರಗೆ ಹಾಕಿದಳು.

"ನಾ ಮಾಡೀನಪಾ" ಎಂದಳು. "ಅಲ್ಲಿ ನೆರಳಾಗ ನಿಂತ ಏನ್ ನೋಡ್ತಿ? ಬಿಸಲಿಗೆ ಬಾ, ಬಿಸಲಿಗೆ ಬಂದ ನೋಡು."